ಜ್ವರ ಬಿಟ್ಟ ಮೇಲೆ ಕತ್ತರಿ ಹಿಡಿದವರು

ಇಪ್ಪತ್ತೆಂಟು ವರ್ಷ ಊರವರ ಅಂಗಿಗೆಲ್ಲ ಗುಂಡಿ ಹಚ್ಚಿದ ನಾನು, ಹೋದ ಮಳೆಗಾಲದ ಕೊನೆಗೆ ನನ್ನ ಅಂಗಿಯ ಗುಂಡಿ ಹಾಕಿಕೊಳ್ಳಲಾರದೆ ಹೆಂಡತಿಯ ಮುಂದೆ ಶಾಲೆಗೆ ಹೊರಟ ಮಗುವಿನಂತೆ ನಿಂತಿದ್ದೆ. ಟೇಲರನಿಗೆ ಇದಕ್ಕಿಂತ ದೊಡ್ಡ ಅವಮಾನ ಇರಲಾರದು ಎಂದುಕೊಂಡಿದ್ದೆ. ಇತ್ತು, ಆಮೇಲೆ ಬಂತು.

ಲಕ್ಷ್ಮೇಶ್ವರದ ಬಜಾರಿನಲ್ಲಿ ನನ್ನ ಅಂಗಡಿ. ನನಗೆ ಬಂದದ್ದು ಚಿಕೂನ್‌ಗುನ್ಯಾ. ಆ ಹೆಸರು ಕೇಳಿದ್ದೇ ತಡ, ನಮ್ಮ ಓಣಿಯ ಕೆಲವರು ಚಿಕನ್ ತಿನ್ನುವುದನ್ನು ಬಿಟ್ಟರು. ಕಚ್ಚಿದ್ದು ಸೊಳ್ಳೆ, ಬದುಕಿಕೊಂಡದ್ದು ಕೋಳಿ. ಆಫ್ರಿಕಾದ ಯಾವುದೋ ಭಾಷೆಯಲ್ಲಿ ಆ ಮಾತಿಗೆ ‘ಬಾಗಿ ಹೋಗುವುದು’ ಎಂಬ ಅರ್ಥವಂತೆ. ಮುಂಜಾನೆ ಹಾಸಿಗೆಯಿಂದ ನಾನು ಏಳುವುದನ್ನು ಕಂಡವರಿಗೆ ಅರ್ಥ ಹೇಳಿಕೊಡುವ ಅಗತ್ಯವೇ ಇರಲಿಲ್ಲ.

ಜ್ವರ ಐದು ದಿನಕ್ಕೆ ಬಿಟ್ಟಿತು. ಬೆರಳುಗಳ ನೋವು ಬಿಡಲಿಲ್ಲ. ಗದಗಿನ ಡಾಕ್ಟರು, “ರಿಪೋರ್ಟ್ ಚಲೋ ಅದಾವ್ರಿ ಮಾಸ್ತರ. ಆದ್ರ ಕೀಲು ನೋವು ಇಳಿಯಾಕ ತಿಂಗಳಗಟ್ಟಲೆ ಬೇಕಾಗಬಹುದು. ಕೈಗೆ ಆರಾಮ ಕೊಡ್ರಿ” ಅಂದರು. ನಾನು ಮೊದಲನೆಯ ವಾಕ್ಯವನ್ನಷ್ಟೇ ಕಿವಿಗೆ ಹಾಕಿಕೊಂಡು ಬಸ್ಸು ಹತ್ತಿದೆ.

ಜ್ವರಕ್ಕೆ ಒಂದು ಮರ್ಯಾದೆ ಇದೆ ನೋಡಿ. ಮಲಗಿದವನ ತಲೆದೆಸೆಗೆ ಮೋಸಂಬಿ ಬರುತ್ತದೆ, ಬೀಗರು ಬರುತ್ತಾರೆ. ಜ್ವರ ಬಿಟ್ಟ ಮೇಲೆ ಉಳಿದ ನೋವಿಗೆ ಮೋಸಂಬಿ ಇಲ್ಲ. ಎದ್ದು ಓಡಾಡುವವನು ನೋವೆಂದರೆ ಕೆಲಸಗಳ್ಳ ಅನ್ನುತ್ತಾರೆ. ಅದಕ್ಕೇ ಯಾರು ಕೇಳಿದರೂ “ಆರಾಮ್ರಿ” ಅನ್ನುತ್ತ ಕೈಯನ್ನು ಜೇಬಿನಲ್ಲಿ ಮುಚ್ಚಿಟ್ಟುಕೊಂಡೆ.

ನನ್ನ ಹೆಂಡತಿ ಮೆಹಬೂಬಿ ಇಪ್ಪತ್ತು ವರ್ಷದಿಂದ ಅಂಗಡಿಯ ಎರಡನೇ ಮಷೀನಿನಲ್ಲಿ ಕೂತವಳು. ಹುಕ್ಕು, ಕಾಜಾ, ಅಂಚು ಮಡಚುವುದು ಅವಳ ಪಾಲು. ಕತ್ತರಿ ಮಾತ್ರ ನಾನು ಕೊಟ್ಟಿರಲಿಲ್ಲ. ಕತ್ತರಿ ಅಂದರೆ ಯಜಮಾನಿಕೆ ಎಂದು ತಿಳಿದಿದ್ದೆ.

ಹೀಗಿರುವಾಗ ಶಿರಹಟ್ಟಿಯ ಗಿರಿಜಕ್ಕ ಟೀಚರು ಮಗಳ ನಿಶ್ಚಿತಾರ್ಥಕ್ಕೆಂದು ಕುಪ್ಪಸದ ಖಣ ತಂದುಕೊಟ್ಟರು. ತೀರಿಕೊಂಡ ಅಜ್ಜಿ ಮೊಮ್ಮಗಳಿಗಾಗಿಯೇ ಎತ್ತಿಟ್ಟ ಬಟ್ಟೆ. ಅಂಥದು ಇನ್ನೊಂದು ಸಿಗುವಂತಿರಲಿಲ್ಲ. ಕಾರ್ಯಕ್ಕೆ ಉಳಿದದ್ದು ನಾಲ್ಕೇ ದಿನ. ನಾನು ಕತ್ತರಿ ಹಿಡಿದೆ. ಅರ್ಧ ದಾರಿಯಲ್ಲಿ ಹೆಬ್ಬೆರಳು ಮರಗಟ್ಟಿ ಕೈ ಜಾರಿತು. ತೋಳಿಗೆ ಹೋಗಬೇಕಾದ ಕತ್ತರಿ ಎದೆಯ ಭಾಗವನ್ನೇ ಓರೆಯಾಗಿ ಸೀಳಿತು.

‘ಟೀಚರಿಗೆ ಬಟ್ಟೆಯೇ ಕಡಿಮೆ ಇತ್ತು ಅಂದರಾಯಿತು’ ಎಂದು ಹೆಂಡತಿಯ ಮುಂದೆ ಬಾಯಿ ಬಿಟ್ಟೂ ಬಿಟ್ಟೆ. ಮನೆಯಲ್ಲಿ ನಮ್ಮದು ಉರ್ದು. ಸಿಟ್ಟು ನೆತ್ತಿಗೇರಿದಾಗ ಮಾತ್ರ ಮೆಹಬೂಬಿ ಕನ್ನಡಕ್ಕೆ ಇಳಿಯುತ್ತಾಳೆ. ಅವತ್ತು ಇಳಿದಳು.

“ಕೈ ನೋಯ್ತೈತಿ ಅಂತ ಹೇಳಾಕ ನಿಮಗ ನಾಚಿಕಿ. ಅದಕ್ಕ ಆ ಹುಡುಗಿ ಖಣ ಹಾಳಾಗಬೇಕೇನು? ಖರೆ ಹೇಳಿ ಫೋನ್ ಹಚ್ಚರಿ. ಕತ್ತರಿ ಇಲ್ಲಿ ಕೊಡ್ರಿ.”

ಎರಡನ್ನೂ ಮಾಡಿದೆ. ಮುಂದಿನ ಬಸ್ಸಿಗೇ ತಾಯಿ ಮಗಳು ಬಂದರು. ಸೀಳಿದ ಖಣ ನೋಡಿ ಹುಡುಗಿಯ ಕಣ್ಣು ತುಂಬಿತು. ನನಗೆ ತಲೆ ಎತ್ತಲಾಗಲಿಲ್ಲ. ಮೆಹಬೂಬಿ ಅವಳ ಬೆನ್ನು ಸವರಿ, ಟೇಪು ಹಿಡಿದು ಪರದೆಯ ಆಚೆ ಕರೆದೊಯ್ದಳು. ನಾನು ಇಷ್ಟು ವರ್ಷ ಹಳೆಯ ಕುಪ್ಪಸದ ಅಳತೆಯಲ್ಲೇ ಹೊಲಿದವನು. ಒಳಗೆ ಇಬ್ಬರೂ ಅಷ್ಟು ಹೊತ್ತು ಏನು ಅಳೆಯುತ್ತಿದ್ದಾರೆ ಎಂದು ತಿಳಿಯದೆ ಹೊರಗೆ ಕೂತಿದ್ದೆ.

ಅವಳು ಸೀಳಿದ ಭಾಗವನ್ನು ಪಕ್ಕಕ್ಕೆ ತಿರುಗಿಸಿ, ಉಳಿದ ತುಣುಕನ್ನು ಬಗಲಿನ ಕೆಳಗೆ ಕೂಡಿಸಿ, ಜೋಡಣೆ ಕಾಣದಂತೆ ಅಂಚು ಇಳಿಸಿದಳು. ಮೂರನೆಯ ದಿನ ಹುಡುಗಿ ಅದನ್ನು ಹಾಕಿಕೊಂಡು ಹೊರಗೆ ಬಂದು ಎರಡೂ ಕೈ ಮೇಲೆತ್ತಿದಳು.

“ಅವ್ವಾ, ಬಗಲಾಗ ಒಂಚೂರೂ ಹಿಡಿಯಂಗಿಲ್ಲ!”

ಗಿರಿಜಕ್ಕ ನನ್ನ ಕಡೆ ನೋಡಿ ಅನುಮಾನಿಸುತ್ತ, “ತಪ್ಪು ತಿಳ್ಕೋಬ್ಯಾಡ್ರಿ ಮಾಸ್ತರ. ನೀವು ಹೊಲದದ್ದು ಬಗಲಾಗ ಯಾವಾಗಲೂ ಬಿಗಿನ. ಗಂಡಸರಿಗೆ ಹೆಂಗ ಹೇಳೋದು ಅಂತ ಸುಮ್ಮನಿದ್ವಿ” ಅಂದರು.

“ಎಷ್ಟು ವರ್ಷದಿಂದ್ರಿ?”

“ನನ್ನ ಮದಿವಿ ಆದಾಗಿಂದ.”

ಅಂದರೆ ತಾಲೂಕಿನ ಅರ್ಧ ಹೆಂಗಸರು ನನ್ನ ದೆಸೆಯಿಂದ ಕೈ ಎತ್ತಿ ಅಕ್ಷತೆ ಹಾಕಲಾಗದೆ ಮದುವೆ ಮುಗಿಸಿ ಬಂದಿದ್ದರು. ಬಂದು “ಚಲೋ ಆಗೇತ್ರಿ” ಅಂದಿದ್ದರು. ನಾನು ನಂಬಿದ್ದೆ. ನನ್ನ “ಆರಾಮ್ರಿ”ಯನ್ನು ಊರು ನಂಬಿದ ಹಾಗೆಯೇ.

ಈಗ ಎಂಟು ತಿಂಗಳಾಯಿತು. ಬೆರಳುಗಳು ಒಂದೊಂದಾಗಿ ಕೆಲಸಕ್ಕೆ ಮರಳಿವೆ. ಒಂದೊಂದು ಮುಂಜಾನೆ ಹೆಬ್ಬೆರಳು ಮುನಿಸಿಕೊಂಡರೆ ಬಿಸಿನೀರಿನಲ್ಲಿ ಅದ್ದಿ ಸಮಾಧಾನ ಮಾಡುತ್ತೇನೆ, ಬಂದವರಿಗೆ ಒಂದು ತಾಸು ತಡೆಯಿರಿ ಅನ್ನುತ್ತೇನೆ. ಯಾರಿಗೂ ಬೇಜಾರಾಗಿಲ್ಲ. ಅಂಗಿ, ಪ್ಯಾಂಟು ನನ್ನವು. ಕುಪ್ಪಸವೆಲ್ಲ ಮೆಹಬೂಬಿಯದು. ಮುಂಡರಗಿಯಿಂದಲೂ ಹೆಂಗಸರು ಅವಳನ್ನು ಹುಡುಕಿಕೊಂಡು ಬರುತ್ತಾರೆ.

ಮೊನ್ನೆ ಎದುರಿನ ಪಾತ್ರೆ ಅಂಗಡಿಯ ಬಸಣ್ಣನವರು ಇದೇ ಜ್ವರ ಮುಗಿಸಿ ಬಂದು ಕೂತಿದ್ದರು. ಸಣ್ಣದೊಂದು ತಂಬಿಗೆಯನ್ನು ಎರಡೂ ಕೈಯಿಂದ ಎತ್ತಿಡುವುದು ಕಂಡಿತು. ರಸ್ತೆ ದಾಟಿ ಹೋಗಿ, “ಎಲ್ಲೆಲ್ಲಿ ಹಿಡಿತೈತ್ರಿ ಬಸಣ್ಣಾರ?” ಎಂದು ಕೇಳಿದೆ.

ಅವರು ಅತ್ತಿತ್ತ ನೋಡಿ, ನನ್ನ ಕಡೆಗೊಂದು ಸ್ಟೂಲು ಸರಿಸಿದರು.

“ಕುಂಡ್ರಿ ಮಾಸ್ತರ. ಚಾ ಹೇಳ್ತೀನಿ. ಇದು ಜಲ್ದಿ ಮುಗಿಯೋ ಮಾತಲ್ಲ.”