ರಜೆ ಚೀಟಿಯಲ್ಲಿ ಬಾರ್ಬರಿಗ್ಮಸ್

ಫ್ರೆಂಡ್ಸ್, ಎದೆ ಇನ್ನೂ ಡವಡವ ಅಂತಿದೆ. ಸರಸ್ವತಿಪುರಂ ಪಿಜಿಯ ಚಿತ್ರಾನ್ನ ತಿಂದು ಹೊಟ್ಟೆ ಕೆಟ್ಟು ಮೊನ್ನೆ ಕಾಲೇಜು ತಪ್ಪಿಸಿದ್ದೆ. ರಜೆ ಚೀಟಿಗೆ ಇವತ್ತು ನಮ್ಮ ಕ್ಲಾಸ್ ಟೀಚರ್ ಮೇಡಂ ಸಹಿ ಬೀಳದಿದ್ದರೆ ನಾಳೆ ಟೆಸ್ಟಿಗೆ ಕೂರಿಸುವುದಿಲ್ಲ. ನಾನೋ, ಹಾಸ್ಟೆಲ್ ಶಾಲೆಯಲ್ಲಿ ದಿನಕ್ಕೆ ಹತ್ತು ಇಂಗ್ಲಿಷ್ ಪದ ಬಾಯಿಪಾಠ ಮಾಡಿದವಳು. ಕಾರಣ ಎಂಬಲ್ಲಿ 'ಬಾರ್ಬರಿಗ್ಮಸ್' ಎಂದು ಬರೆದುಬಿಟ್ಟಿದ್ದೆ.

ಸ್ಟಾಫ್ ರೂಮಿನಲ್ಲಿ ಚೀಟಿ ಓದಿದ ಮೇಡಂ ಕನ್ನಡಕ ಸರಿಮಾಡಿಕೊಂಡರು. "ಇದ್ಯಾವ ಕಾಯ್ಲೆನಮ್ಮಾ?"

"ಹೊಟ್ಟೆ ಗುರುಗುಟ್ಟೋದು, ಮೇಡಂ."

"ಹಸಿವಾದ್ರೂ ಗುರುಗುಟ್ಟುತ್ತೆ ಕಣಮ್ಮ. ಅದಕ್ಕೆಲ್ಲ ರಜೆ ಕೊಡ್ತಾರಾ? ಸುಳ್ಳಿಗೆ ಇಂಗ್ಲಿಷ್ ಬಣ್ಣ ಬಳೀಬೇಡ."

ಸಹಿಯ ಚಿಂತೆಯಲ್ಲಿ ಬೆಳಿಗ್ಗೆ ತಿಂಡಿಯನ್ನೂ ತಿಂದಿರಲಿಲ್ಲ. "ಸುಳ್ಳಲ್ಲ ಮೇಡಂ" ಎನ್ನುವಷ್ಟರಲ್ಲಿ ಸ್ಟಾಫ್ ರೂಮಿಗೆಲ್ಲ ಕೇಳುವಂತೆ ನನ್ನ ಹೊಟ್ಟೆ ಗುರ್ರ್ ಎಂದಿತು.

ಮೇಡಂ ಪೆನ್ನು ತೆಗೆದರು. "ಸರಿ ಬುಡು, ಸಾಕ್ಷಿನೇ ಕರ್ಕೊಂಡ್ ಬಂದಿದ್ದೀಯ." ಸಹಿ ಬಿತ್ತು.

ಆದರೂ ಸಮಾಧಾನವಿಲ್ಲ. ಅದೇ ಚಿತ್ರಾನ್ನ ತಿಂದ ರೂಮ್‌ಮೇಟ್ಸ್ ಇಬ್ಬರೂ ನನ್ನ ಚೀಟಿಯನ್ನೇ ಅಕ್ಷರಶಃ ನಕಲು ಮಾಡಿದ್ದಾರೆ. ಮಧ್ಯಾಹ್ನ ಊಟದ ಬಿಡುವಾದ ಮೇಲೆ ಅವರ ಸರದಿ. ಯಾವುದಕ್ಕೂ ಇರಲಿ, ಊಟ ಮಾತ್ರ ಮುಟ್ಟಬೇಡಿ ಎಂದು ಹೇಳಿ ಬಂದಿದ್ದೇನೆ.