ಹಿಂದೆ ಮುಂದೆ ಯಾರೂ ಇಲ್ಲದವರು

ಹದಿನೆಂಟು ತುಂಬಿದ ವಾರದಲ್ಲೇ ಅನಾಥಾಲಯದವರು ಅವಳ ಮಂಚವನ್ನು ಬೇರೆ ಮಗುವಿಗೆ ಕೊಟ್ಟರು. ತಪ್ಪು ಅವರದಲ್ಲ, ನಿಯಮವೇ ಹಾಗೆ. ಅವಳ ಪುಣ್ಯಕ್ಕೆ, ಅಂಥ ಹುಡುಗಿಯರಿಗೆಂದೇ ನಗರಸಭೆ ಒಂದು ಮನೆ ನಡೆಸುತ್ತಿತ್ತು. ಎರಡು ವರ್ಷ ಇರಬಹುದು, ಅಷ್ಟರಲ್ಲಿ ಒಂದು ಕೆಲಸ ಹಿಡಿಯಬೇಕು. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಅವಳಿಗೆ ಹೊದಿಕೆ ಮಡಚುವ ಕೆಲಸ ಸಿಕ್ಕಿತು. ಮಾತು ಕಡಿಮೆಯೆಂದು ಅಲ್ಲಿ ಎಲ್ಲರೂ 'ಮೂಗಿ' ಎನ್ನುತ್ತಿದ್ದರು.

ಅವಳ ಕೋಣೆಯ ಜೊತೆಗಾತಿ ಗಿಣಿ. ಬಾಯಿಗೆ ಬೀಗವೇ ಇಲ್ಲ, ಕೈಗೆ ಕೆಲಸವೂ ಇಲ್ಲ.

ಒಂದು ಸಂಜೆ ಗೇಟಿನ ಬಳಿ ಇಸ್ತ್ರಿ ಮಾಡಿದ ಅಂಗಿ ತೊಟ್ಟವನೊಬ್ಬ ಇಬ್ಬರನ್ನೂ ಮಾತಾಡಿಸಿದ. ಊರಾಚೆ ಹೊಲಿಗೆ ಕಾರ್ಖಾನೆಯಂತೆ, ಊಟ, ವಸತಿ ಅವರದೇ ಅಂತೆ.

"ನಿಮಗೆ ಹಿಂದೆ ಮುಂದೆ ಯಾರಿದ್ದಾರಮ್ಮ?"

"ಯಾರೂ ಇಲ್ಲ ಅಂಕಲ್. ನನಗೆ ಇವಳು, ಇವಳಿಗೆ ನಾನು," ಎಂದಳು ಗಿಣಿ.

ಅವನ ಮುಖ ಅರಳಿತು. ಅನಾಥರೆಂದು ಕೇಳಿ ಮರುಗುವವರನ್ನು ಮೂಗಿ ಬೇಕಾದಷ್ಟು ಕಂಡಿದ್ದಳು. ಅರಳಿದವನನ್ನು ಕಂಡದ್ದು ಅದೇ ಮೊದಲು. ಆದರೂ ಗಿಣಿ ತಿವಿದಳೆಂದು ತನ್ನ ಗುರುತಿನ ಚೀಟಿಯ ಪ್ರತಿಯನ್ನೂ ಕೊಟ್ಟುಬಿಟ್ಟಳು.

ಸೋಮವಾರ ಗಿಣಿ ಹೊರಟಳು. ಮೂಗಿಯ ಸರದಿ ಆಮೇಲೆ ಎಂದಿದ್ದ ಅವನು. ದಿನಾ ಫೋನು ಬರುತ್ತಿತ್ತು. ಆದರೆ "ಚೆನ್ನಾಗಿದೀನಿ ಕಣೇ" ಎನ್ನುವುದು ಬಿಟ್ಟರೆ ಬೇರೆ ಮಾತಿಲ್ಲ. ಪಕ್ಕದಲ್ಲಿ ಯಾರೋ ಗಂಡಸು ಕೆಮ್ಮಿದ ಸದ್ದು. ಎಂಟನೆಯ ದಿನ ಅದೂ ನಿಂತಿತು.

ನಲವತ್ತು ಹುಡುಗಿಯರನ್ನು ನೋಡಿಕೊಳ್ಳಲು ನಗರಸಭೆ ನೇಮಿಸಿದ್ದು ಒಬ್ಬಳೇ ಅಕ್ಕನನ್ನು. ಅವಳು ಬರುವುದು ಗುರುವಾರ. ಮೂಗಿ ಗುರುವಾರದ ತನಕ ಕಾಯಲಿಲ್ಲ. ಮಧ್ಯಾಹ್ನವೇ ಕೆಲಸ ಬಿಟ್ಟು ಅಕ್ಕನ ಕಚೇರಿಗೆ ಓಡಿದಳು.

"ಅಕ್ಕಾ, ಗಿಣಿ ಮಾತಾಡ್ತಿಲ್ಲ."

"ಗಿಣಿ ಮಾತಾಡ್ತಿಲ್ವಾ?" ಅಕ್ಕ ಚಪ್ಪಲಿ ಮೆಟ್ಟಿದಳು. "ನಡಿ ಸ್ಟೇಷನ್‌ಗೆ."

ಎರಡು ದಿನಕ್ಕೆ ಪೊಲೀಸರು ಊರಾಚೆಯ ಗೋದಾಮೊಂದರ ಬೀಗ ಒಡೆದರು. ಒಳಗೆ ಹೊಲಿಗೆ ಯಂತ್ರವಿರಲಿಲ್ಲ, ಗಿಣಿಯೂ ಇನ್ನಿಬ್ಬರು ಹುಡುಗಿಯರೂ ಇದ್ದರು. ಇಸ್ತ್ರಿ ಅಂಗಿಯವನು ಪರಾರಿ. ಗಿಣಿ ಮನೆಗೆ ಬಂದು ಗೋಡೆ ಕಡೆ ಮುಖ ಮಾಡಿ ಮಲಗಿದವಳು ತುಟಿ ಬಿಚ್ಚಲಿಲ್ಲ.

ಗೋದಾಮಿನಲ್ಲಿ ಒಂದು ಕಡತ ಸಿಕ್ಕಿತ್ತು. ಇಪ್ಪತ್ತು ಹುಡುಗಿಯರ ಗುರುತಿನ ಚೀಟಿಗಳ ಪ್ರತಿಗಳು, ಒಂದೊಂದರ ಮೇಲೂ ಒಂದೊಂದು ತಾರೀಖು. ಮೂಗಿಯದರ ಮೇಲೆ ಬರುವ ಶುಕ್ರವಾರದ್ದು. ಉಳಿದವರನ್ನು ಎಚ್ಚರಿಸಲೆಂದು ಅಕ್ಕ ಚೀಟಿಗಳ ಮೇಲಿನ ವಿಳಾಸಗಳನ್ನು ಬರೆದುಕೊಂಡಳು.

ಮರುದಿನ ಮೂಗಿ ರಜೆ ಹಾಕಿ, ವಿಳಾಸಗಳ ಪಟ್ಟಿ ಹಿಡಿದ ಅಕ್ಕನ ಜೊತೆ ಹೊರಟಳು. ಮೊದಲ ಮನೆಯ ಒಡತಿ ಅರ್ಧ ಬಾಗಿಲು ತೆರೆದಳು.

"ಆ ಹುಡುಗೀನಾ? ಕೆಲಸ ಸಿಕ್ತು ಅಂತ ಈಗಷ್ಟೇ ಹೋದ್ಲಲ್ಲ. ಯಾರೋ ಕಾರಲ್ಲಿ ಬಂದಿದ್ರು."

ಅಕ್ಕ ಬಾಯಿ ತೆರೆಯುವ ಮೊದಲೇ ಮೂಗಿ ಕೂಗಿದಳು: "ಯಾವ ಕಡೆ ಹೋದ್ರಮ್ಮಾ?"