ಅಸ್ಮಾ ಮೈಕು ಕೊಟ್ಟದ್ದು

ಲಕ್ಷ್ಮೇಶ್ವರದ ಬಜಾರಿನಲ್ಲಿ ಅಸ್ಮಾ ಬರುತ್ತಿದ್ದರೆ ದೂರದಿಂದಲೇ ಗೊತ್ತಾಗುತ್ತದೆ. ತುಟಿ ಅಲ್ಲಾಡುತ್ತಿರುತ್ತದೆ, ಬಲಗೈ ಗಾಳಿಯಲ್ಲಿ ತಾಳ ಹಾಕುತ್ತಿರುತ್ತದೆ. ಗದಗಿನ ಬಸ್ಸಿನಲ್ಲಿ ನನ್ನ ಪಕ್ಕ ಕೂತು ತನ್ನ ಪದ್ಯಗಳನ್ನು ಹೇಳುತ್ತಾಳೆ. ನನ್ನದೊಂದನ್ನು ಹೇಳೋಣವೆನ್ನುವಷ್ಟರಲ್ಲಿ ಕಾಲೇಜು ಬಂದಿರುತ್ತದೆ.

ಅವಳದು ಸ್ಲ್ಯಾಮ್ ಕವಿತೆ. ಕಾಗದ ಹಿಡಿಯದೆ, ವೇದಿಕೆಯ ಮೇಲೆ ನಿಂತು ಸ್ವಂತ ಪದ್ಯವನ್ನು ಮೈದುಂಬಿ ಹೇಳುವ ಸ್ಪರ್ಧೆ. ಮೂರು ನಿಮಿಷ ಮೀರಿದರೆ ಹೊರಗೆ. ಗದಗಿನ ಸುತ್ತನ್ನು ಅವಳು ತನ್ನ ದಾದಿಯ, ಅಂದರೆ ಅಪ್ಪನ ತಾಯಿಯ, ಮೇಲಿನ ಪದ್ಯದಿಂದ ಗೆದ್ದಳು. ‘ಅಜ್ಜಿ ಬಾಯಿದ್ದೂ ಮೂಕಿ, ಅವಳು ನುಂಗಿದ ಮಾತೆಲ್ಲ ನನ್ನ ನಾಲಿಗೆಯ ಮೇಲೆ ಕೆಂಡ’ ಎಂದಾಗ ಹುಡುಗಿಯರು ಕಣ್ಣೊರೆಸಿಕೊಂಡರು. ನಾನೂ ಒರೆಸಿಕೊಂಡೆ.

ಆ ದಾದಿ ರಹಿಮತಬಿ, ಬಜಾರಿನಲ್ಲಿ ಬಳೆ ಅಂಗಡಿ ಇಟ್ಟವರು. ಬಳೆ ತೊಡಿಸುವಾಗ ಅವರು ತುಟಿ ಬಿಚ್ಚುವುದಿಲ್ಲ. ಅಸ್ಮಾ ಅದನ್ನು ಚಿಕ್ಕಂದಿನಿಂದ ನೋಡಿದ್ದಳು. ಯಾಕೆಂದು ಮಾತ್ರ ಕೇಳಿರಲಿಲ್ಲ.

ಕೊನೆಯ ಸುತ್ತು ನಮ್ಮೂರಿನಲ್ಲೇ ಆಯಿತು. ಗೆದ್ದವರಿಗೆ ಧಾರವಾಡದ ವೇದಿಕೆ. ಅಸ್ಮಾ ಬೇರೇನನ್ನೂ ಬಯಸಿರಲಿಲ್ಲ. ರಹಿಮತಬಿ ಹೊಸ ಸೀರೆ ಉಟ್ಟು ಮೊದಲ ಸಾಲಿನಲ್ಲಿ ಕೂತರು. ಆ ಪದ್ಯ ಅವರ ಕಿವಿಗೆ ಬಿದ್ದದ್ದು ಅಂದೇ ಮೊದಲು.

ಅಸ್ಮಾಳ ಬಾಯಲ್ಲಿ ‘ಮೂಕಿ’ ಎಂಬ ಮಾತು ಬಂದದ್ದೇ ತಡ, ಅವರು ಎದ್ದು ನಿಂತರು.

“ಏ ಹುಡುಗಿ, ಯಾರ ಮೂಕಿ?”

“ದಾದಿ, ಸುಮ್ನ ಕುಂಡ್ರು. ಟೈಮ್ ಹೊಂಟೈತಿ.”

“ನೋಡ್ರಿ! ಸುಮ್ನ ಕುಂಡ್ರು ಅಂತಾಳ, ಆಮ್ಯಾಲ ಮೂಕಿ ಅಂತಾಳ!”

ಸಭೆ ಹೊಟ್ಟೆ ಹಿಡಿದು ನಕ್ಕಿತು. ಅಸ್ಮಾ ಮುಂದುವರಿಸಬಹುದಿತ್ತು, ಇನ್ನೊಂದು ನಿಮಿಷ ಉಳಿದಿತ್ತು, ಕಡೆಯ ಸಾಲುಗಳೇ ಅವಳ ಬಲ. ಅವಳು ವೇದಿಕೆಯ ಅಂಚಿಗೆ ಬಂದು ಮೈಕು ಚಾಚಿದಳು.

“ಹಂಗಾರ ನೀನ ಹೇಳು.”

ರಹಿಮತಬಿ ಹಿಂಜರಿಯಲಿಲ್ಲ. “ಬಳಿ ಇಡಸ್ಕೊಳ್ಳಾಕ ಬಂದಾಕಿ ಅಂಜಿ ಕೈ ಬಿಗಿ ಹಿಡೀತಾಳ್ರಿ. ತನ್ನ ಕತಿ ತಾ ಹೇಳಾಕ ಹತ್ತಿದ್ಲಂದ್ರ ಕೈ ಮೆತ್ತಗಾಗ್ತೈತಿ. ನಾ ನಡುವ ಬಾಯಿ ಹಾಕಿದ್ರ ಆಕಿ ಮತ್ತ ಬಿಗೀತಾಳ, ಬಳಿ ಒಡೀತೈತಿ. ಅದಕ್ಕ ಸುಮ್ನಿರ್ತೀನಿ. ಹಂಗಂತ ನನ್ನ ಕಡೆ ಮಾತಿಲ್ಲೇನು?”

“ಐತಿ, ಐತಿ! ಹೇಳ್ರಿ!” ಎಂದು ಹಿಂದಿನಿಂದ ಕೂಗು ಬಂತು.

ಹೇಳಿದರು. ತವರಿನ ಎಮ್ಮೆ, ಅತ್ತೆಯ ಜಗಳ, ಗಂಡನಿಗೆ ಹೇಳದೆ ಗದಗಿಗೆ ಹೋಗಿ ನೋಡಿದ ಸಿನಿಮಾ. ಮೂರು ನಿಮಿಷದ ಗಂಟೆ ಹೊಡೆಯಿತು. ನಿರೂಪಣೆಗೆ ನಿಂತಿದ್ದ ಮೌನೇಶ ಕೈ ಮುಗಿದ: “ಅಜ್ಜಿ, ಟೈಮ್ ಆತ್ರಿ.”

“ತಡೀಪಾ, ಇನ್ನ ನನ್ನ ಮದಿವೀನ ಮುಗಿದಿಲ್ಲ.”

ಅಸ್ಮಾ ವೇದಿಕೆಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು. ಅವಳ ತುಟಿ ಅಲ್ಲಾಡದೆ ಇದ್ದದ್ದನ್ನು ನಾನು ಕಂಡದ್ದು ಅದೇ ಮೊದಲು.

ಶಿರಹಟ್ಟಿಯ ಹುಡುಗಿ ಗೆದ್ದಳು. ಮನೆಗೆ ನಡೆಯುವಾಗ ಅಸ್ಮಾ ದಾದಿಗೆ, “ನಿನ್ನ ಸಲುವಾಗಿ ಸೋತೆ ನೋಡು” ಎಂದಳು.

“ಮುಂದಿನ ಸಲ ನನ್ನ ಹೆಸರ ಕೊಡು. ನಿನಗ ಮೂರು ನಿಮಿಷದಾಗ ಮುಗಸಾಕ ಬರ್ತೈತಿ, ನನಗ ಬರಂಗಿಲ್ಲ. ಜಾಸ್ತಿ ಟೈಮ್ ಕೇಳಿ ತಗೊ.”

ಈಗ ಅಸ್ಮಾ ಸಂಜೆ ಬಳೆ ಅಂಗಡಿಯಲ್ಲಿ ಕೂರುತ್ತಾಳೆ. ಹೊಸ ಪದ್ಯ ಕಟ್ಟುತ್ತಿದ್ದಾಳೆ, ಧಾರವಾಡ ಎಲ್ಲಿಗೂ ಓಡಿಹೋಗುವುದಿಲ್ಲ ಎನ್ನುತ್ತಾಳೆ. ನಿನ್ನೆ ಬಸ್ಸಿನಲ್ಲಿ, “ನಿಂದ್ ಹೇಳ ಇವತ್ತ” ಎಂದಳು. ಹೇಳಿದೆ. ಅರ್ಧ ದಾರಿ, ಮುಳಗುಂದದವರೆಗೆ, ತಡೆದುಕೊಂಡಳು. ಆಮೇಲೆ ಬಾಯಿ ಹಾಕಿದಳು.